ದರ್ಭೆಯ ಗೊಂಬೆಯನ್ನು ಸುಡಲು ಬಿಡದವಳಿಗೆ

ನನ್ನ ಜೊತೆ ಬೆಳೆದ ಲಚ್ಚಿಗೆ,

ಕೊಡಿಗೇಹಳ್ಳಿಯ ನಿಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಆ ಸಂಜೆ ನೆನಪಿದೆಯೇ? ಯುದ್ಧದ ಕಾಲದಲ್ಲಿ ಲಾರಿ ಓಡಿಸಲು ಬರ್ಮಾಕ್ಕೆ ಹೋದ ನಿನ್ನ ಗಂಡನ ಸುದ್ದಿ ನಿಂತು ಹನ್ನೆರಡು ವರ್ಷವಾಗಿತ್ತು. ಅಷ್ಟು ಕಾಲ ಸುಳಿವಿಲ್ಲದವನ ಹೆಸರಿನಲ್ಲಿ ದರ್ಭೆಯ ಗೊಂಬೆ ಮಾಡಿ ಸುಡಬಹುದೆಂದು ನಿನ್ನ ಮೈದುನ ಮುನಿಯಣ್ಣ ಪುರೋಹಿತರನ್ನು ಕೇಳಿಕೊಂಡು ಬಂದಿದ್ದ. ಸುಟ್ಟ ದಿನವೇ ನಿನ್ನ ಬಳೆ, ಕುಂಕುಮ ಎರಡೂ ಹೋಗುತ್ತಿದ್ದವು; ಗಂಡನ ಪಾಲಿನ ಹೊಲ ಮೈದುನನ ಕೈಸೇರುತ್ತಿತ್ತು.

"ಅಣ್ಣನ ಆತ್ಮಕ್ಕಾದ್ರೂ ಒಂದು ದಾರಿ ಬ್ಯಾಡ್ವಾ ಅತ್ತಿಗೆ?" ಎಂದ.

"ಉಲ್ಲಿಗೆ ಅವ್ರ ಎಸ್ರಿಟ್ಟು ಸುಟ್ಬುಟ್ಟು, ನಾಳೆ ಅವರು ಬಸ್ಸಿಳಿದು ಬಂದ್ರೆ ಯಾವ ಮೊಕ ತೋರ್ಸ್ಲಪ್ಪಾ?" ಎಂದೆ ನೀನು. ನಿಮ್ಮತ್ತೆ ಮೊರದಿಂದ ತಲೆ ಎತ್ತಲಿಲ್ಲ. ನಿನ್ನನ್ನು ಅಪಶಕುನವೆಂದುಕೊಂಡಿದ್ದಾರೆ ಎಂದೇ ನೀನು ನಂಬಿದ್ದೆ.

ನಾನು ಆಗ ಎಂ.ಎ. ಮುಗಿಸಿ ದೇಶದೇಶಗಳ ಕಾನೂನು ಓದುತ್ತಿದ್ದೆ. "ಬ್ಯಾರೆ ಕಡೆ ಎಷ್ಟು ವರ್ಸ ಕಾಯ್ತಾರೆ, ಏಳೇ," ಎಂದು ನೀನು ಪೀಡಿಸುತ್ತಿದ್ದೆ. ನಮ್ಮ ಸ್ಮೃತಿಯೊಂದರಲ್ಲಿ ಮಕ್ಕಳಿದ್ದವಳಿಗೆ ಒಂದು ಲೆಕ್ಕ, ಇಲ್ಲದವಳಿಗೆ ಅದರ ಅರ್ಧ ಎಂದೆ ನಾನು. ಮುಸಲ್ಮಾನರ ಒಂದು ಪಂಥದಲ್ಲಿ ನಾಲ್ಕು ವರ್ಷ ಎಂದೆ. ಫ್ರೆಂಚರ ಹಳೆಯ ಸಂಹಿತೆಯಲ್ಲಿ ಕಾಣೆಯಾದವನ ಆಸ್ತಿ ಕೆಲವು ವರ್ಷಗಳಲ್ಲಿ ವಾರಸುದಾರರ ಕೈಸೇರುತ್ತದೆ, ಮದುವೆ ಮಾತ್ರ ಬಿಡುಗಡೆಯಾಗುವುದಿಲ್ಲ ಎಂದೆ.

"ಓಹೋ! ಒಲ ಕಾಯಂಗಿಲ್ಲ, ಎಂಡ್ತಿ ಕಾಯ್ಬೇಕಾ? ಅವರೂ ನಮ್ ಮುನಿಯಣ್ಣನ ನೆಂಟ್ರೇ ಬಿಡು!" ಎಂದೆ ನೀನು. ಎಷ್ಟು ನಕ್ಕಿದ್ದೆವು!

ಇನ್ನೊಂದು ದಿನ ಯಹೂದಿಗಳ ನಿಯಮ ಹೇಳಿದೆ. ಅಲ್ಲಿ ಎಷ್ಟು ವರ್ಷ ಕಳೆದರೂ ಹೆಂಡತಿಗೆ ಬಿಡುಗಡೆಯಿಲ್ಲ. ಆದರೆ ಗಂಡ ಸತ್ತದ್ದನ್ನು ಕಂಡ ಒಬ್ಬಳೇ ಹೆಂಗಸು ಬಂದು ಹೇಳಿದರೂ ಸಾಕು. ಈ ಸಲ ನೀನು ನಗಲಿಲ್ಲ. "ಅಂತೋಳೊಬ್ಳು ಅಲ್ಲಿದ್ದಿದ್ರೆ, ಅವರ ಬಾಯ್ಗೆ ನೀರಾದ್ರೂ ಬಿಡ್ತಿದ್ಳು ಕಣೇ," ಎಂದೆ. ಆಮೇಲೆ ನಿನಗೆ ಯಾವ ದೇಶದ ಕಾನೂನನ್ನೂ ನಾನು ಹೇಳಲಿಲ್ಲ.

ಹೋದ ತಿಂಗಳು ಯಶವಂತಪುರದ ನಮ್ಮ ಮನೆಗೆ ನಿನಗೆ ಜ್ವರವೆಂದು ಸುದ್ದಿ ಬಂದಾಗ, ಅದು ಇಷ್ಟು ಬೇಗ ನಿನ್ನನ್ನು ಕರೆದೊಯ್ಯಬಹುದೆಂದು ಎಣಿಸಿರಲಿಲ್ಲ. ನಾನು ಬರುವಷ್ಟರಲ್ಲಿ ನಿನಗೆ ಸ್ನಾನ ಮಾಡಿಸಿದ್ದರು. ಹೆಂಗಸರು ತಟ್ಟೆ ಹಿಡಿದು ನಿಂತಿದ್ದರು. ಅರಿಸಿನ ಕುಂಕುಮ ಹಚ್ಚಬೇಕೋ, ಇದ್ದ ಬಳೆಯನ್ನೂ ತೆಗೆಯಬೇಕೋ? "ಎಂಗ್ ಕಳ್ಸಾದು, ಮುತ್ತೈದೇನಾ ಅಲ್ವಾ?" ಎಂದು ಮುನಿಯಣ್ಣ ಬಾಗಿಲಲ್ಲೇ ಕೇಳಿದ. ನಾನು ಓದಿದ ಯಾವ ಕಾನೂನೂ ಸತ್ತವಳ ಹಣೆಯ ವಿಷಯ ಹೇಳಿರಲಿಲ್ಲ.

ಆಗ ನಿಮ್ಮತ್ತೆ ಗೋಡೆ ಹಿಡಿದು ಎದ್ದರು. "ನನ್ ಮಗ ಸತ್ತಿದ್ನ ಯಾರಾನಾ ಕಂಡೀರಾ? ಕಂಡಿಲ್ದಿದ್ರೆ ಬಾಯ್ಮುಚ್ಚಿ. ಇವ್ಳು ಮುತ್ತೈದೆ." ವಿಧವೆಯಾದ ನಿಮ್ಮತ್ತೆಯ ಕೈ ಕುಂಕುಮ ಮುಟ್ಟಬಾರದೆಂದು ಯಾರೋ ಗೊಣಗಿದರು. ಅವರು ಕೇಳಲಿಲ್ಲ. ತಾವೇ ನಿನ್ನ ಹಣೆಗೆ ಇಟ್ಟರು, ಅಗಲವಾಗಿ, ಮದುವಣಗಿತ್ತಿಗೆ ಇಡುವಂತೆ. ಆಮೇಲೆ ನಿನ್ನ ಕೆನ್ನೆ ಹಿಡಿದು, "ನೀನೊಬ್ಳೇ ಕಣವ್ವಾ ನನ್ ಮಗನ್ನ ಸಾಯ್ಸದೆ ಇದ್ದೋಳು," ಎಂದರು.

ಇದು ನಿನಗೆ ಗೊತ್ತಾಗಲೇ ಇಲ್ಲವಲ್ಲ, ಲಚ್ಚಿ. ಕಾಯಲು ಈಗ ಅವರೊಬ್ಬರೇ ಉಳಿದಿದ್ದಾರೆ. ಭಾನುವಾರಗಳಲ್ಲಿ ಹೋಗಿ ಅವರ ಪಕ್ಕದಲ್ಲಿ ಕೂತಿರುತ್ತೇನೆ.