ಅತ್ತಿಮರದ ಕೆಳಗಿನ ಕುಣಿ

ಅಗರಖೇಡ, ತಾ. ಇಂಡಿ
೧೮ ಫೆಬ್ರವರಿ ೧೯೭೬, ಬುಧವಾರ

ಚಿರಂಜೀವಿ ಬಸಂತರಾಯನಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಮೈಯಲ್ಲಿ ಆರಾಮ ಇದ್ದೀಯಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಕಾಡಿಗೆ ಹೋಗುವಾಗ ಉಣ್ಣಿ ಕಚ್ಚದ ಹಾಗೆ ಕೈಕಾಲಿಗೆ ಆ ಎಣ್ಣೆ ಹಚ್ಚಿಕೊಳ್ಳುತ್ತೀಯಾ? ನಿನ್ನ ಅವ್ವ ಶಂಕ್ರೆವ್ವ ಪಕ್ಕದಲ್ಲೇ ಕೂತು, "ಮದ್ಲ ಮೈ ಹೆಂಗೈತಿ ಕೇಳ್ರಿ, ಆಮ್ಯಾಗ ನಿಮ್ಮ ಪುರಾಣ" ಎಂದು ನನ್ನ ಮೊಣಕೈ ತಿವಿಯುತ್ತಿದ್ದಾಳೆ. ಕೇಳಿದೆನಲ್ಲ, ಇನ್ನೇನು ಮಾಡಲಿ! ನಮಗೇನೂ ಆಗಿಲ್ಲ. ಬಿಳಿಜೋಳ ತೆನೆ ತುಂಬಿ ನಿಂತಿದೆ, ಎಮ್ಮೆ ಕರು ಹಾಕಿದೆ, ನನ್ನ ಮಂಡಿನೋವು ಇದ್ದಲ್ಲೇ ಇದೆ.

ನಿನ್ನ ಪತ್ರ ಬಂದು ಒಂಬತ್ತು ದಿನವಾಯಿತು. "ಹಾಜಿಮಲಂಗನ್ನ ನಾನ ಕೊಂದೆ ಅಪ್ಪಾ" ಎಂದು ಬರೆದಿದ್ದೀಯಲ್ಲ, ಆ ಸಾಲು ಓದಿ ಚಷ್ಮಾ ತೆಗೆದಿಟ್ಟುಬಿಟ್ಟೆ. ನಿನ್ನ ಜೊತೆ ಇದೇ ಊರ ಸಾಲಿ ಕಲಿತ ಹುಡುಗ, ನಿನ್ನ ಮಾತಿನ ಮೇಲೆ ಅಷ್ಟು ದೂರದ ಸಾಗರದ ಕಡೆಗೆ ನೌಕರಿಗೆ ಬಂದವನು. ಒಂದು ದಿನ ಎಣ್ಣೆ ತೀರಿತ್ತು, ಹಾಗೆಯೇ ಅವನನ್ನು ಕಾಡಿಗೆ ಕಳಿಸಿದೆ, ಅಲ್ಲೇ ಉಣ್ಣಿ ಕಚ್ಚಿ ಮಂಗನ ಕಾಯಿಲೆ ಹತ್ತಿ ಸತ್ತ ಎಂದು ನೀನು ತಿಳಿದಿದ್ದೀಯ. ಎಲ್ಲಿ ಕಚ್ಚಿತೆಂದು ಹುಡುಕುತ್ತ ದಿನಾ ಬಿಳಿ ಅರಿವೆ ನೆಲದ ಮೇಲೆ ಎಳೆದು ಉಣ್ಣಿ ಹಿಡಿಯುತ್ತ ತಿರುಗುತ್ತೀಯಂತೆ. ಆ ಜಾಗ ಸಿಗದೆ ಔಷಧದ ಪುಡಿ ಹೊಡೆಯಲೂ ಆಗುತ್ತಿಲ್ಲ, ಜನರನ್ನು ತಡೆಯಲೂ ಆಗುತ್ತಿಲ್ಲ ಎಂದಿದ್ದೀಯ.

ನೀನು ಈ ಕೆಲಸ ಹಿಡಿದಾಗ ನಾನು ಎಷ್ಟು ನಗಾಡಿದ್ದೆ! "ಎಮ್ಮಿ ಮೈಮ್ಯಾಲಿನ ಉಣ್ಣಿ ನಾ ಪುಕ್ಕಟೆ ತಗೀತೇನಿ, ನಿನಗ ಸರಕಾರ ಪಗಾರ ಕೊಡತೈತೇನೋ" ಎಂದಿದ್ದೆ. ಸಂಕ್ರಾಂತಿ ಮುಗಿಸಿಕೊಂಡು ನಿನ್ನನ್ನು ನೋಡಲು ಬಂದಾಗ ನೀನು ಎಳ್ಳಿನಷ್ಟು ಸಣ್ಣದೊಂದು ಉಣ್ಣಿಯನ್ನು ಗಾಜಿನ ಬಾಟಲಿಯಲ್ಲಿ ತೋರಿಸಿದೆ. "ಇದು ಸತ್ತ ಮಂಗ್ಯಾನ ಮೈಯಿಂದ ಇಳದು ಮನಷ್ಯಾಗ ಕಡೀತೈತ್ರಿ. ಮಂಗ್ಯಾ ಸತ್ತದ್ದು ಕಂಡ್ರ ಮುಟ್ಟಬ್ಯಾಡ್ರಿ, ನನಗ ಹೇಳ್ರಿ" ಎಂದೆ. ನಾನು ಹೂಂ ಅಂದಿದ್ದೆ. ನಮ್ಮೂರಲ್ಲಿ ಮಂಗ ಸತ್ತರೆ ಮೈ ತೊಳೆದು, ಕುಂಕುಮ ಹಚ್ಚಿ, ಭಜನೆ ಹೇಳುತ್ತ ಹೊತ್ತು, ಮಾರುತಿ ಗುಡಿಯ ಹಿಂದೆ ಮಣ್ಣು ಮಾಡುತ್ತೇವೆ. ನಿನಗೆ ಗೊತ್ತಿದ್ದದ್ದೇ.

ಹಾಜಿಮಲಂಗನ ತಾಯಿ ಪೀರಬಿ ಮೊನ್ನೆ ನಮ್ಮ ಕಟ್ಟೆಗೆ ಬಂದಿದ್ದಳು. "ನಿಮ್ಮ ಮಗಾನ ಕರಕೊಂಡು ಹೋದಾ, ನಿಮ್ಮ ಮಗಾನ ಅಡವ್ಯಾಗ ಬಿಟ್ಟಾ" ಎಂದು ಓಣಿಯೆಲ್ಲ ಕೇಳುವಂತೆ ಅತ್ತಳು. ನಾನು ಎದ್ದು ಎಮ್ಮೆಯ ಕಡೆಗೆ ಹೋದೆ. ನಿನ್ನ ಅವ್ವನೇ ಅವಳ ಕೈ ಹಿಡಿದು ನೀರು ಕುಡಿಸಿದಳು. ಊರಿಗೆ ಬರಲು ಮುಖವಿಲ್ಲ ಎಂದು ನೀನು ಬರೆದಿದ್ದೀ. ಬಾರಪ್ಪಾ, ನಿನ್ನ ಮುಖಕ್ಕೆ ಏನಾಗಿದೆ.

ನಿನ್ನ ಅವ್ವನ ಆಶೀರ್ವಾದವನ್ನೂ ಇದರಲ್ಲೇ ತಿಳಿದುಕೋ. ಮೈ ಜೋಪಾನ, ಮಗನೆ.

ನಿನ್ನ ಅಪ್ಪ,
ಪರಪ್ಪ

ತಾ.ಕ.: ನಿನ್ನ ಅವ್ವ ಹಿಟ್ಟು ಬೀಸಲು ಎದ್ದು ಹೋದಳು, ಗಡಬಡಿಸಿ ಬರೆಯುತ್ತಿದ್ದೇನೆ. ಮೊದಲು ಜಾಗ ತಿಳಿದುಕೋ. ನಿನ್ನ ಖೋಲಿಯ ಹಿಂದಿನ ಕಾಲುದಾರಿ ಹಿಡಿದು ಹಳ್ಳ ದಾಟಿದರೆ ದೊಡ್ಡ ಅತ್ತಿಮರ. ಅದರ ಬುಡದಲ್ಲಿ ಮೂರು ಕಲ್ಲು ಇಟ್ಟಿದೆ. ಆ ದಾರಿಯಲ್ಲಿ ಹೆಣ್ಣುಮಕ್ಕಳು ಕಟ್ಟಿಗೆಗೆ ಹೋಗುತ್ತಾರೆ, ತಡೆ. ನಾನು ಊರಿಗೆ ಹೊರಡುವ ಹಿಂದಿನ ದಿನ, ನೀನು ಆಫೀಸಿಗೆ ಹೋದಾಗ, ನಾನೂ ಹಾಜಿಮಲಂಗನೂ ಅತ್ತ ಅಡ್ಡಾಡಲು ಹೋಗಿದ್ದೆವು. ಸತ್ತ ಮಂಗ ಬಿದ್ದಿತ್ತು. ಹಣಮಪ್ಪನ ರೂಪ, ನಾಯಿ ನರಿಗಳ ಪಾಲಾಗಬಾರದು, ಮಣ್ಣು ಮಾಡಲೇಬೇಕೆಂದು ಹಠ ಹಿಡಿದೆ. "ಬ್ಯಾಡ್ರಿ ಕಾಕಾ, ಬಸಂತಗ ಹೇಳೂಣ್ರಿ" ಎಂದ. "ನಮ್ಮ ದೇವರು ನಿನಗೆಲ್ಲಿ ತಿಳೀಬೇಕೋ" ಎಂದುಬಿಟ್ಟೆ. ಅವನ ಮುಖ ಇಳಿಯಿತು. ತನ್ನ ಅಂಗಿ ಬಿಚ್ಚಿ, ಮಂಗನನ್ನು ಅದರಲ್ಲಿ ಸುತ್ತಿ ಎತ್ತಿಕೊಂಡ. ಕುಣಿಯನ್ನೂ ಅವನೇ ತೋಡಿದ. ನಾನು ದೂರ ನಿಂತು ಕೈ ಮುಗಿದೆ. "ಬಸಂತಗ ಹೇಳಬ್ಯಾಡ, ಬೈತಾನ" ಎಂದು ಆಣೆ ಹಾಕಿಸಿದೆ. ಅಷ್ಟು ಜ್ವರದಲ್ಲೂ ನಿನಗೆ ಹೇಳದೆ ಹೋದನಲ್ಲ, ಆ ಆಣೆಗಾಗಿ. ಒಂಬತ್ತು ದಿನ ನಾನು ಬಾಯಿ ಮುಚ್ಚಿಕೊಂಡು ಕೂತೆ, ಅಷ್ಟರಲ್ಲಿ ಯಾರ್ಯಾರು ಆ ದಾರಿ ತುಳಿದರೋ. ನೀನು ಕೊಂದಿಲ್ಲ, ಬಸಂತಾ. ಮೂರು ಗಂಟೆಯ ಬಸ್ಸಿಗೆ ಇಂಡಿಗೆ ಹೋಗಿ ಜಾಗವನ್ನು ತಂತಿಯಲ್ಲೂ ತಿಳಿಸುತ್ತೇನೆ. ಅದಕ್ಕೂ ಮೊದಲು ಪೀರಬಿಯ ಬಾಗಿಲಿಗೆ ಹೋಗುತ್ತೇನೆ. ಓಣಿಯೆಲ್ಲ ಕೇಳುವಂತೆ ಅಳಲಿ, ಈ ಸಲ ನನ್ನ ಹೆಸರು ಹಿಡಿದು.