ಸೊಂಟದ ಅಳತೆ

ಮಾರ್ಚ್ ೧೨, ಬೆಳಿಗ್ಗೆ

ಗೆಳೆಯ ಕಾಜಾ ದೊರೆಗೆ ನಮಸ್ಕಾರ.

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದೆ, ಬೈಯಬೇಡ. ಕೂತಿದ್ದೆ ಎನ್ನುವುದೂ ಸುಳ್ಳು. ಈಚೆಗೆ ನಾನು ಒಂದು ಕಡೆ ಕೂತವನೇ ಅಲ್ಲ. ಇಷ್ಟು ಬರೆಯುವಷ್ಟರಲ್ಲಿ ಎದ್ದು ಹೋಗಿ ಬಾಗಿಲು ನೋಡಿ ಬಂದೆ. ಯಾರೂ ಬಂದಿರಲಿಲ್ಲ. ನಿನ್ನ ಮಂಡಿನೋವು ಹೇಗಿದೆ?

ನನ್ನ ರಕ್ತದಲ್ಲಿ ಕ್ಯಾನ್ಸರ್ ಇದೆ ಎಂದು ಹೋದ ವರ್ಷವೇ ಬರೆದಿದ್ದೆನಲ್ಲ. ನಿಧಾನದ ಜಾತಿಯದಂತೆ. "ಈಗ್ಲೇ ಔಷಧಿ ಬೇಡ, ಮೂರು ತಿಂಗಳು ಬಿಟ್ಟು ಬನ್ನಿ, ನೋಡೋಣ" ಎನ್ನುತ್ತಾರೆ ಡಾಕ್ಟರು. ನಮ್ಮ ಟೈಲರ್ ಅಂಗಡಿಯಲ್ಲಿ ನಾನು ಕತ್ತರಿ ಹಿಡಿದು, ನೀನು ಗುಂಡಿಗೆ ಕಾಜಾ ಹೊಲಿಯುತ್ತಾ, ಗಿರಾಕಿಗಳನ್ನು "ನಾಳೆ ಬನ್ನಿ, ನಾಳೆ ಬನ್ನಿ" ಎಂದು ಅಲೆಸಿದ್ದಕ್ಕೆ ತಕ್ಕ ಶಾಸ್ತಿ ನೋಡು! ಬೆಳಿಗ್ಗೆ ಎದ್ದ ಕೂಡಲೇ ಟೇಪು ಹಿಡಿದು ಕನ್ನಡಿಯ ಮುಂದೆ ಕತ್ತು ಅಳೆಯುತ್ತಿದ್ದೆ, ಕಾಯಿಲೆಯ ಗಂಟು ಊದಿದೆಯೇ ಎಂದು. ತಿಂಡಿಯಾದ ಮೇಲೆ ಮತ್ತೆ. ಎದೆ ಡವಡವ ಎನ್ನುತ್ತದೆ. ಎರಡು ತುತ್ತಿಗೇ ತಟ್ಟೆ ಬಿಟ್ಟು ಎದ್ದುಬಿಡುತ್ತೇನೆ. ಯಾರ ಮುಖವೂ ಬೇಡ, ರೇಡಿಯೋವೂ ಬೇಡ.

ಊಟ ಬಿಟ್ಟರೆ ಮೈ ಇಳಿಯದೆ ಇರುತ್ತದೆಯೇ? ಪ್ಯಾಂಟು ಜಾರತೊಡಗಿತು. ನಿನ್ನ ಅತ್ತಿಗೆ ನೋಡಿದರೆ ಗಾಬರಿಯಾಗುತ್ತಾಳೆಂದು, ಅವಳು ತರಕಾರಿಗೆ ಹೋದಾಗ ಬಾಗಿಲು ಹಾಕಿಕೊಂಡು ಸೊಂಟ ಬಿಚ್ಚಿ, ಒಳಗೆ ಹಿಡಿದು ಹೊಲಿದೆ. ಅಂಗಿಗಳನ್ನೂ ಹಿಡಿದೆ. ತಿಂಗಳು ಕಳೆದು ಇನ್ನೊಮ್ಮೆ. ಏನು ಚೆನ್ನಾಗಿ ಕೂತಿತು ಅಂತೀಯ! ಅವಳು ಎದುರು ಮನೆಯಾಕೆಗೆ, "ಸರಿಯಾಗಿ ಊಟ ಮಾಡಲ್ಲ, ಆದ್ರೂ ಪುಣ್ಯಕ್ಕೆ ಮೈ ಇಳಿದಿಲ್ಲ ನೋಡಿ" ಎಂದಳು. ಎಪ್ಪತ್ತು ದಾಟಿದ ಮುದುಕ ನಾನು, ಒಳಗೊಳಗೇ ಹೆಮ್ಮೆಪಟ್ಟೆ, ಥೂ.

ಆಸ್ಪತ್ರೆಯ ತೂಕದ ಯಂತ್ರಕ್ಕೆ ನಮ್ಮ ಕೈಚಳಕ ಗೊತ್ತಿಲ್ಲವಲ್ಲ. ಮೊನ್ನೆ ನರ್ಸಮ್ಮ ನನ್ನನ್ನು ಎರಡೆರಡು ಸಲ ಹತ್ತಿಸಿ ಇಳಿಸಿದಳು. ಡಾಕ್ಟರು ರಕ್ತದ ವರದಿ ನೋಡಿ, ನನ್ನನ್ನು ನೋಡಿ, "ಕಾಯಿಲೆ ಇದ್ದಲ್ಲೇ ಇದೆ ಯಜಮಾನ್ರೇ. ನೀವ್ಯಾಕೆ ಇಷ್ಟು ಇಳಿದ್ರಿ? ಮನಸ್ಸು ಹೇಗಿದೆ?" ಎಂದರು. "ಚೆನ್ನಾಗಿದೆ" ಎಂದೆ. ಜೊತೆಗೆ ಬಂದಿದ್ದ ನಿನ್ನ ಅತ್ತಿಗೆ ಬಗ್ಗಿ ನನ್ನ ಪ್ಯಾಂಟಿನ ಸೊಂಟಪಟ್ಟಿ ತಿರುಗಿಸಿ ನೋಡಿದಳು. ಅಂಗಡಿಯಲ್ಲಿ ಅಷ್ಟು ವರ್ಷ ಗುಂಡಿ ಹಚ್ಚಿದವಳು ನನ್ನ ಕೈ ಗುರುತು ಹಿಡಿಯದೆ ಇರುತ್ತಾಳೆಯೇ? "ನನ್ನ ಕಣ್ಣಿಗೇ ಮಣ್ಣೆರಚಿದ್ರಾ?" ಎಂದು ಡಾಕ್ಟರ ಎದುರೇ ಅತ್ತುಬಿಟ್ಟಳು.

ಆಮೇಲೆ ಮನಸ್ಸಿನ ಡಾಕ್ಟರ ಬಳಿ ಕಳಿಸಿದರು. "ನನಗೇನು ಹುಚ್ಚೇ?" ಎಂದು ಹಾರಾಡಿದೆ. ಆ ಲೇಡಿ ಡಾಕ್ಟರು ನಕ್ಕು, "ಹುಚ್ಚಲ್ಲ ತಾತ. ಈ ಕಾಯಿಲೆಯಲ್ಲಿ ಕಾದು ಕಾದು ತುಂಬ ಜನಕ್ಕೆ ಹೀಗಾಗುತ್ತೆ. ವಯಸ್ಸಾದೋರು ಬಾಯಿ ಬಿಡಲ್ಲ, ಅಷ್ಟೇ. ಇದಕ್ಕೂ ಔಷಧಿ ಇದೆ" ಎಂದರು. ಮಾತ್ರೆ ಶುರುವಾಗಿದೆ. ಗುಣ ಕಾಣಲು ಕೆಲವು ವಾರ ಬೇಕಂತೆ. ಅಲ್ಲೂ ಕಾಯಬೇಕು! ಟೇಪನ್ನು ನಿನ್ನ ಅತ್ತಿಗೆ ಎಲ್ಲೋ ಬಚ್ಚಿಟ್ಟಿದ್ದಾಳೆ. ಅದನ್ನು ಹುಡುಕುವುದೇ ಈಗ ನನ್ನ ಕೆಲಸ.

ನೀನು ನೂರ್ಕಾಲ ಚೆನ್ನಾಗಿರು. ಮೊಮ್ಮಗಳಿಗೆ ಈ ಅಜ್ಜನ ಆಶೀರ್ವಾದ ಹೇಳು.

ನಿನ್ನ,
ಕತ್ತರಿ

ತಾ.ಕ.: ಅವಳು ಅತ್ತಿದ್ದು ನಾನು ಮುಚ್ಚಿಟ್ಟೆನೆಂದಲ್ಲ ಕಣೋ. ಮನೆಗೆ ಬಂದ ಮೇಲೆ ಹೇಳಿದಳು. ಎಷ್ಟೇ ಹಿಡಿದು ಹೊಲಿದರೂ ಒಳಗಿನ ಬಟ್ಟೆಯನ್ನು ನಾವು ಕತ್ತರಿಸುವುದುಂಟೇ? ನಾಳೆ ಮೈ ತುಂಬಿದರೆ ಬಿಚ್ಚಿ ಸಡಿಲಿಸಲಿ ಎಂದು ಬಿಡುತ್ತೇವೆ. ಎರಡನೇ ಸಲ ಹಿಡಿದಾಗ ನಾನು ಅದನ್ನು ಪೂರ್ತಿ ಕತ್ತರಿಸಿ ಬಿಸಾಡಿದ್ದೆ, ಇನ್ನು ಯಾವ ಮೈ ತುಂಬುವುದು ಎಂದುಕೊಂಡು. "ಕಂಡಕಂಡ ಗಿರಾಕಿಗೆಲ್ಲ ಬಿಟ್ರಿ, ನಿಮಗೆ ಬಿಟ್ಕೊಳ್ಳಲಿಲ್ಲವಲ್ರೀ" ಎಂದಳು. ನಿನ್ನ ಹತ್ತಿರ ಆ ಪ್ಯಾಂಟಿಗೆ ಒಪ್ಪುವ ಬೂದು ಬಣ್ಣದ ತುಂಡೇನಾದರೂ ಇದ್ದರೆ ಕಳಿಸು. ಬಣ್ಣ ಕೊಂಚ ಹೆಚ್ಚುಕಡಿಮೆಯಾದರೂ ಪರವಾಗಿಲ್ಲ, ಒಳಗೆ ತಾನೆ.