ಏಳು ನೀರಿನ ಬೂದಿ

ರಾಮತೀರ್ಥ ನಗರ, ಬೆಳಗಾವಿ
೨೦ ಫೆಬ್ರುವರಿ ೨೦೦೩

ಅಕ್ಕ ಕಾಂತಾಳಿಗೆ ಶಶಿಧರನ ಶರಣು.

ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡ. ಈಗ ಬರೆದಿದ್ದಾನೆಂದರೆ ಏನೋ ಎಡವಟ್ಟು ಮಾಡಿಕೊಂಡಿರಬೇಕು ಎಂದು ಬಾಳಪ್ಪ ಮಾವ ನಗುತ್ತಿರಬಹುದು. ಮಾವನ ಊಹೆ ಸರಿ.

ನನ್ನ ಪಿಎಚ್.ಡಿ. ನಿಂತಿರುವುದೇ ಬಾಳೆಹಣ್ಣಿನ ಸಿಪ್ಪೆಯ ಬೂದಿಯ ಮೇಲೆ. ಅಂಗಡಿಯ ರಾಸಾಯನಿಕ ಬೇಡ. ಆ ಬೂದಿಯನ್ನೇ ವೇಗವರ್ಧಕವಾಗಿ ಹಾಕಿ, ಹೊಂಗೆ ಎಣ್ಣೆಗೆ ಸ್ಪಿರಿಟ್ ಬೆರೆಸಿ ಕಾಯಿಸಿದರೆ ಡೀಸೆಲ್ ಆಗುತ್ತದೆ. ಎರಡು ವರ್ಷ ಚೆನ್ನಾಗಿಯೇ ಆಯಿತು. ಮೊನ್ನೆ ಸೋಮವಾರ ಹೊರಗಿನ ಪರೀಕ್ಷಕರ ಮುಂದೆ ಆಗಲಿಲ್ಲ. ಎರಡು ತಾಸು ಕಾದರೂ ಎಣ್ಣೆ ಎಣ್ಣೆಯಾಗಿಯೇ ಕುಳಿತಿತ್ತು.

ಆ ಬೂದಿ ಸುಡುತ್ತಿದ್ದವಳು ಅವ್ವ. ಲ್ಯಾಬಿನ ಕುಲುಮೆ ಕೆಟ್ಟಾಗಿನಿಂದ ಬೀಡಿ ಊರಿನ ನಮ್ಮ ಮನೆಯ ಒಲೆಯಲ್ಲಿ ಸುಟ್ಟು, ಡಬ್ಬಿಗೆ ತುಂಬಿ, ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದಳು. ಮರುದಿನವೇ ಓಡಿಹೋಗಿ ಕೇಳಿದೆ.

“ದೊಡ್ಡ ಮಂದಿ ನೋಡಾಕ ಬರ್ತಾರ ಅಂದಿದ್ಯಲ್ಲೋ. ಅದಕ ಈ ಸಲ ಇಬತ್ತಿ ಮಾಡಿದಂಗ ಏಳು ನೀರಾಗ ತೊಳದು, ಅರಿವ್ಯಾಗ ಸೋಸಿ, ಒಣಗಿಸಿ ಕಳಿಸೇನಿ. ಎಷ್ಟು ಬೆಳ್ಳಗ ಆಗಿತ್ತು, ನೋಡಿದ್ಯಾ?” ಎಂದಳು.

ಬೂದಿಯ ಶಕ್ತಿಯೆಲ್ಲ ನೀರಿನಲ್ಲಿ ಕರಗುವ ಉಪ್ಪಿನಲ್ಲಿತ್ತು ಅಕ್ಕಾ. ಅದನ್ನು ಅವಳು ವಿಭೂತಿಯೆಂಬಂತೆ ಭಕ್ತಿಯಿಂದ ತೊಳೆದು ಹಿತ್ತಲಿಗೆ ಚೆಲ್ಲಿದ್ದಳು. ಬಣ್ಣ ನೋಡಿಯೂ ನನಗೆ ಹೊಳೆಯಲಿಲ್ಲ. ಅವಳನ್ನು ಏನೆಂದು ಬೈಯಲಿ? “ನೋಡಿದೆ ಅವ್ವಾ, ಚಲೋ ಆಗಿತ್ತು” ಅಂದೆ.

ಇಷ್ಟನ್ನೂ ಗೈಡ್ ಗುರುಪುತ್ರಪ್ಪ ಸರ್‌ಗೆ ಹೇಳಿಬಿಡು ಎನ್ನುತ್ತೀಯ. ಹೇಗೆ ಹೇಳಲಿ? ಒಲೆಯ ಬೂದಿ ಎಂದರೆ ಯಾರೂ ಒಪ್ಪುವುದಿಲ್ಲ ಎಂದು ಹೆದರಿ, ಎಲ್ಲವನ್ನೂ ನಾನೇ ಲ್ಯಾಬಿನ ಕುಲುಮೆಯಲ್ಲಿ ಸುಟ್ಟೆ ಅಂತ ಪ್ರಬಂಧದಲ್ಲಿ ಬರೆದು ಸಹಿ ಮಾಡಿದ್ದೇನೆ. ಈಗ ಸರ್, “ಬರೂ ಸೋಮವಾರ ನನ್ನ ಮುಂದ ಆ ಕುಲುಮ್ಯಾಗ ಸುಡು, ನೋಡೂಣು” ಅಂದಿದ್ದಾರೆ. ಅದು ಕೆಟ್ಟು ಎರಡು ವರ್ಷವಾದದ್ದು ಅವರಿಗೆ ಗೊತ್ತಿಲ್ಲ. ಹೇಳಿದರೂ ಸುಳ್ಳುಗಾರ, ಹೇಳದಿದ್ದರೂ ಸುಳ್ಳುಗಾರ.

ಮಾವನಿಗೆ ಶರಣು. ಸೃಷ್ಟಿಗೆ ಈ ಸೋದರಮಾವನ ಆಶೀರ್ವಾದ. ಅವಳಾದರೂ ನೆಟ್ಟಗೆ ಓದಲಿ.

ನಿನ್ನ ತಮ್ಮ,
ಶಶಿಧರ

ತಾ.ಕ.: ಹೊರಡುವಾಗ ಅವ್ವ, “ನೀ ಬರದ ಪುಸ್ತಕದಾಗ ನನ್ನ ಹೆಸರೂ ಐತೇನೋ?” ಎಂದು ಕೇಳಿದಳು. ಐತಿ, ಮೊದಲನೇ ಪುಟದಾಗ ಐತಿ ಅಂದುಬಿಟ್ಟೆ. ನನ್ನ ಚೀಲದಲ್ಲಿದ್ದ ಪ್ರಬಂಧದ ಪ್ರತಿಯನ್ನು ತಾನೇ ಇಟ್ಟುಕೊಂಡಿದ್ದಾಳೆ. ನಿಮ್ಮ ಖಾನಾಪುರದ ಸಂತೆಗೆ ಬಂದಾಗ ನಿನ್ನ ಕೈಯಿಂದ ಓದಿಸುತ್ತಾಳಂತೆ. ಸತ್ಯವ್ವ ಎಂಬ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ಅವಳು ಪುಟದ ಮೇಲೆ ಬೆರಳಿಟ್ಟು “ಇಲ್ಲೇನು?” ಎಂದು ಕೇಳಿದರೆ, ಹೂಂ ಅನ್ನು ಅಕ್ಕಾ.